ಕೇಸ್ ಪೇಪರ್ ಯಾರ ಕೈಯಾಗ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ರೋಗಿಗಳ ಮಾಹಿತಿಯ ಗೋಪ್ಯತೆ ಮತ್ತು ಸುರಕ್ಷತೆ ಈ ಸಲದ ವಿಷಯ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಬರೆದವರ ಹೆಸರು ಹಾಕಿಲ್ಲ. ಇಂಥ ವಿಷಯಕ್ಕೆ ಹೆಸರು ಹಾಕಿ ಉತ್ತರಿಸಿದರೆ ನಮಗೇ ಕಿವಿ ಹಿಂಡಬೇಕಾಗುತ್ತದೆ.

ನಮ್ಮ ನರ್ಸಿಂಗ್ ಹೋಮಿನ್ಯಾಗ ಇಸಿಜಿ, ಎಕ್ಸ್‌ರೇ, ಬ್ಲಡ್ ರಿಪೋರ್ಟ್ ಎಲ್ಲಾ ಫೋಟೊ ಹೊಡದು ವಾಟ್ಸಾಪ್ ಗ್ರೂಪಿಗೆ ಹಾಕ್ತೀವ್ರಿ. ಮಿರಜದ ಡಾಕ್ಟರಿಗೂ ಹಂಗ ಕಳಸ್ತೀವಿ. ರಾತ್ರಿ ಪೇಷಂಟ್ ಸೀರಿಯಸ್ ಆದ್ರ ಬ್ಯಾರೆ ದಾರಿನ ಇಲ್ಲ. ಇದು ತಪ್ಪೇನ್ರಿ?
ಸಿಸ್ಟರ್, ಜಮಖಂಡಿ

ಕಳಿಸುವುದು ತಪ್ಪಲ್ಲ. ಚಿಕಿತ್ಸೆಗೆಂದು ಇನ್ನೊಬ್ಬ ವೈದ್ಯರನ್ನು ಕೇಳುವುದು ಚಿಕಿತ್ಸೆಯದೇ ಭಾಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಜೀವಕ್ಕೆ ಅಪಾಯವಿರುವ ತುರ್ತು ಹೊತ್ತಿನಲ್ಲಿ ಒಪ್ಪಿಗೆಗಾಗಿ ಕಾಯುತ್ತ ಕೂರಿ ಎನ್ನುವುದಿಲ್ಲ. ತಪ್ಪಾಗುವುದು ಕಳಿಸಿದ ಮೇಲೆ.

ವಾಟ್ಸಾಪ್ ಸಂದೇಶ ದಾರಿಯಲ್ಲಿ ಗೂಢಲಿಪಿಯಲ್ಲೇ ಸಾಗುತ್ತದೆ, ನಡುವೆ ಯಾರೂ ಓದಲಾರರು. ಸೋರಿಕೆ ಇರುವುದು ಎರಡೂ ತುದಿಯ ಫೋನುಗಳಲ್ಲಿ. ನಿಮ್ಮ ಗ್ರೂಪಿನಲ್ಲಿ 12 ಜನ ಇದ್ದಾರೆ ಎಂದುಕೊಳ್ಳಿ. ಒಂದು ರಿಪೋರ್ಟ್ ಹಾಕಿದ ಕೂಡಲೇ 12 ಗ್ಯಾಲರಿಗಳಿಗೆ ಇಳಿಯಿತು. ಅವುಗಳಲ್ಲಿ ಕೆಲವು ಗೂಗಲ್ ಫೋಟೋಸ್‌ಗೆ ತಾವಾಗಿಯೇ ಹೋದವು. ಒಬ್ಬರ ಫೋನು ಮನೆಯಲ್ಲಿ ಮಗ ಗೇಮ್ ಆಡುವ ಫೋನು. ಇನ್ನೊಬ್ಬರು ಕೆಲಸ ಬಿಟ್ಟು ಆರು ತಿಂಗಳಾದರೂ ಗ್ರೂಪಿನಲ್ಲೇ ಇದ್ದಾರೆ.

ಹಾಗಾಗಿ ಮೊದಲು ಆ ದೊಡ್ಡ ಗ್ರೂಪು ಬಿಟ್ಟುಬಿಡಿ. ನೋಡಬೇಕಾದ ವೈದ್ಯರಿಗಷ್ಟೇ, ಅವರ ನಂಬರಿಗೇ ಕಳಿಸಿ. ಹೆಸರಿರುವ ಪಟ್ಟಿಯ ಮೇಲೆ ಒಂದು ಕಾಗದದ ತುಂಡು ಇಟ್ಟು ಫೋಟೊ ತೆಗೆಯಿರಿ. ಫೋಟೊ ತೆಗೆದಾದ ಮೇಲೆ ಫೋನಿನಲ್ಲಿ ಕಪ್ಪು ಗೆರೆ ಎಳೆಯುವುದಕ್ಕಿಂತ ಇದೇ ಪಕ್ಕಾ. ಫೋನಿನ ಮಾರ್ಕರ್ ಪೆನ್ನು ಎಷ್ಟೋ ಸಲ ಅರೆ ಪಾರದರ್ಶಕ, ಬ್ರೈಟ್‌ನೆಸ್ ಹೆಚ್ಚಿಸಿದರೆ ಕೆಳಗಿನ ಅಕ್ಷರ ಎದ್ದು ಕಾಣುತ್ತದೆ. ಆದರೆ ಹೆಸರು ತೆಗೆದು ಅಲ್ಲಿಗೇ ಬಿಟ್ಟರೆ ಅದಕ್ಕಿಂತ ದೊಡ್ಡ ಅಪಾಯ: ಒಬ್ಬರ ಇಸಿಜಿಗೆ ಇನ್ನೊಬ್ಬರ ಔಷಧ. ಅದಕ್ಕೇ ಹೆಸರಿನ ಬದಲು ಐಪಿಡಿ (ಒಳರೋಗಿ) ನಂಬರ್, ವಯಸ್ಸು, ಬೆಡ್ ನಂಬರ್ ಬರೆಯಿರಿ. ಫೋನ್ ಮಾಡಿ ಬಾಯಿಮಾತಿನಲ್ಲಿ ಒಮ್ಮೆ ತಾಳೆ ನೋಡಿ.

ಸೆಟ್ಟಿಂಗ್ಸ್‌ನ ಚಾಟ್ಸ್ ವಿಭಾಗಕ್ಕೆ ಹೋಗಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದರೆ ಬಂದ ಫೋಟೊ ಗ್ಯಾಲರಿಗೆ ಇಳಿಯುವುದಿಲ್ಲ. ಅಲ್ಲೇ ಚಾಟ್ ಬ್ಯಾಕಪ್ ಒಳಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಮೊದಲು ಕ್ಯಾಮೆರಾದಲ್ಲಿ ತೆಗೆದು ಆಮೇಲೆ ಕಳಿಸುವ ರೂಢಿಯಿದ್ದರೆ ಮೂಲ ಫೋಟೊ ನಿಮ್ಮ ಫೋನಿನಲ್ಲೇ ಕೂತಿರುತ್ತದೆ. ಅಳಿಸಿದರೂ ಗೂಗಲ್ ಫೋಟೋಸ್‌ನ ಟ್ರ್ಯಾಶ್‌ನಲ್ಲಿ, ಬ್ಯಾಕಪ್ ಆಗಿದ್ದರೆ 60 ದಿನ, ಆಗಿರದಿದ್ದರೆ 30 ದಿನ ಉಳಿಯುತ್ತದೆ. ಟ್ರ್ಯಾಶ್ ಕೂಡ ಖಾಲಿ ಮಾಡಿ. ಡಿಸಪಿಯರಿಂಗ್ ಮೆಸೇಜ್ 24 ಗಂಟೆಗೆ ಇಡಬಹುದು. ಇಡುವುದಾದರೆ ಮಿರಜದ ಡಾಕ್ಟರು ಹೇಳಿದ ಡೋಸು, ಹೇಳಿದ ಸಮಯ, ಅವರ ಹೆಸರು ಇವಿಷ್ಟನ್ನು ಕೂಡಲೇ ಕೇಸ್ ಶೀಟಿಗೆ ಇಳಿಸಿಕೊಳ್ಳಿ. ಇಲ್ಲವಾದರೆ ಗುಟ್ಟಿನ ಜೊತೆಗೆ ಚಿಕಿತ್ಸೆಯ ದಾಖಲೆಯೂ ಮಾಯ.

ಇನ್ನೊಂದು ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ: ರಿಸೆಪ್ಷನ್ ಕಂಪ್ಯೂಟರಿನ ವಾಟ್ಸಾಪ್ ವೆಬ್. ಡಾಕ್ಟರರ ಫೋನ್ ಒಮ್ಮೆ ಜೋಡಿಸಿ ಹಾಗೇ ಬಿಟ್ಟಿರುತ್ತಾರೆ, ಕೌಂಟರಿಗೆ ಬಂದವರೆಲ್ಲ ಓದಿಕೊಂಡು ಹೋಗುತ್ತಾರೆ. ಲಿಂಕ್ಡ್ ಡಿವೈಸಸ್ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು ನೋಡಿ, ಗುರುತಿಲ್ಲದ್ದನ್ನು ಲಾಗೌಟ್ ಮಾಡಿ.

ಒಂದು ಲ್ಯಾಬಿನಲ್ಲಿ ಕೌಂಟರ್ ಹುಡುಗ ತುಂಬಿದ ಹಾಲ್‌ನಲ್ಲಿ ನನ್ನ ಹೆಸರು ಕೂಗಿ, "ಎಚ್‌ಐವಿ ಟೆಸ್ಟ್ ರಿಪೋರ್ಟ್ ಬಂದೈತಿ" ಅಂದ. ನೆಗೆಟಿವ್ ಇತ್ತು, ಆದರೆ ಊರ ತುಂಬ ಮಾತಾಯಿತು. ಯಾರನ್ನು ಕೇಳಬೇಕು?
ಓದುಗರು, ವಿಜಯಪುರ

ನೆಗೆಟಿವ್ ಇದ್ದರೂ ತಪ್ಪು ತಪ್ಪೇ. ಪರೀಕ್ಷೆ ಮಾಡಿಸಿದ್ದೇ ಒಂದು ಗುಟ್ಟು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ ಪರೀಕ್ಷೆಗೆ ತಿಳಿವಳಿಕೆಯ ಒಪ್ಪಿಗೆ ಬೇಕು. ವ್ಯಕ್ತಿಯ ಎಚ್‌ಐವಿ ಸ್ಥಿತಿಯನ್ನು ಇನ್ನೊಬ್ಬರಿಗೆ ತಿಳಿಸಲು ಬರಹದ ಒಪ್ಪಿಗೆಯೇ ಬೇಕು. ಚಿಕಿತ್ಸೆ ಕೊಡುವ ಇನ್ನೊಬ್ಬ ವೈದ್ಯರಿಗೆ ಅಗತ್ಯವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ, ಹೀಗೆ ಕೆಲವೇ ವಿನಾಯಿತಿಗಳಿವೆ. ಹಾಲ್‌ನಲ್ಲಿ ಕೂತವರು ಆ ಪಟ್ಟಿಯಲ್ಲಿಲ್ಲ.

ಲ್ಯಾಬಿನ ಮಾಲೀಕರಿಗೆ ಬರಹದಲ್ಲಿ ದೂರು ಕೊಡಿ. ತಾರೀಖು, ಸಮಯ ಹಾಕಿ, ಒಂದು ಪ್ರತಿಗೆ ಮುಟ್ಟಿದ ಸಹಿ ಪಡೆಯಿರಿ. 20 ಅಥವಾ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಯಲ್ಲಿ ಇಂಥ ದೂರಿಗೆಂದೇ ಒಬ್ಬ ಅಧಿಕಾರಿ ಇರಬೇಕು ಎಂದು ಇದೇ ಕಾಯ್ದೆ ಹೇಳುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿ. ಖಾಸಗಿ ಆಸ್ಪತ್ರೆ, ಲ್ಯಾಬುಗಳ ನೋಂದಣಿ ಮತ್ತು ಕುಂದುಕೊರತೆ ನೋಡುವ ಜಿಲ್ಲಾ ಪ್ರಾಧಿಕಾರವೂ ಇದೆ, ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು.

ಲ್ಯಾಬ್ ನಡೆಸುವವರು ಇದನ್ನು ಓದುತ್ತಿದ್ದರೆ: ಬ್ಯಾಂಕಿನಂತೆ ಟೋಕನ್ ನಂಬರ್ ಕೂಗಿ. ರಿಪೋರ್ಟನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ, ಲಕೋಟೆ ಮೇಲೆ ಟೆಸ್ಟಿನ ಹೆಸರು ಬೇಡ. ಕೌಂಟರ್ ಮೇಲೆ ಬಿಚ್ಚಿಟ್ಟ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಳ್ಳುವ ಪದ್ಧತಿ ಬಿಡಿ, ಸಹಿ ಹಾಕಲು ಬಗ್ಗಿದವರು ಮೇಲಿನ ಹತ್ತು ಸಾಲು ಓದುತ್ತಾರೆ. ಹಾಗೆಯೇ ಫೈಲಿಗೆ, ಮಂಚಕ್ಕೆ ಕೆಂಪು ಸ್ಟಿಕರ್ ಹಚ್ಚುವುದು. ಸಿಬ್ಬಂದಿಯ ರಕ್ಷಣೆಗೆ ಎಂಬ ನೆಪ ನಿಲ್ಲುವುದಿಲ್ಲ. ಗ್ಲೌಸ್, ಸೂಜಿ ಬಿಸಾಡುವ ಎಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ ಇರಬೇಕು. ಪರೀಕ್ಷೆ ಆಗದವರ ರಕ್ತದಲ್ಲಿ ಏನಿದೆ ಎಂದು ಸ್ಟಿಕರ್ ಹೇಳುವುದಿಲ್ಲವಲ್ಲ.

ನನ್ನದು 20 ಹಾಸಿಗೆಯ ಆಸ್ಪತ್ರೆ. ಬಿಲ್ಲಿಂಗ್, ಲ್ಯಾಬ್, ಕೇಸ್ ಹಿಸ್ಟರಿ ಎಲ್ಲ ಒಂದೇ ಸಾಫ್ಟ್‌ವೇರ್‌ನಲ್ಲಿ. ದಿನಾ ಬ್ಯಾಕಪ್ ಆಗುತ್ತದೆ, ಆ್ಯಂಟಿವೈರಸ್ ಇದೆ. "ನಮ್ಮಂಥ ಸಣ್ಣವರ ಹತ್ತಿರ ಹ್ಯಾಕರ್ ಯಾಕೆ ಬರುತ್ತಾನೆ" ಎಂದು ಸಾಫ್ಟ್‌ವೇರ್‌ನವರು ಹೇಳುತ್ತಾರೆ. ನಂಬಬಹುದೇ?
ವೈದ್ಯರು, ಬೆಳಗಾವಿ

ನಂಬಬೇಡಿ. ನಿಮ್ಮ ಹೆಸರು ನೋಡಿಕೊಂಡು ಯಾರೂ ಬರುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ತೆರೆದ ಬಾಗಿಲು ಹುಡುಕುವುದು ಯಂತ್ರ, ಅದಕ್ಕೆ ದೊಡ್ಡವರು ಸಣ್ಣವರು ಗೊತ್ತಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿತ್ತು. ದಿನಗಟ್ಟಲೆ ಒಪಿಡಿ ಚೀಟಿಯನ್ನು ಕೈಯಲ್ಲೇ ಬರೆಯಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೆ ಪೆನ್ನು ಹಿಡಿದು ನಿಭಾಯಿಸುವಷ್ಟು ಜನ ಇದ್ದರು. ನಿಮ್ಮಲ್ಲಿ ರಾತ್ರಿ ಡ್ಯೂಟಿಗೆ ಎಷ್ಟು ಜನ?

ನಿಮ್ಮ ಪತ್ರದಲ್ಲಿ ನಮ್ಮನ್ನು ಕಾಡಿದ ಮಾತು "ದಿನಾ ಬ್ಯಾಕಪ್ ಆಗುತ್ತದೆ" ಎಂಬುದು. ಎಲ್ಲಿಗೆ ಆಗುತ್ತದೆ? ಸರ್ವರಿಗೇ ಸದಾ ಚುಚ್ಚಿಟ್ಟ ಹಾರ್ಡ್ ಡಿಸ್ಕಿಗೆ ಆಗುತ್ತಿದ್ದರೆ ಅದು ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್ ಎಂಬ, ಬೀಗ ಹಾಕಿ ಹಣ ಕೇಳುವ ತಂತ್ರಾಂಶ ಸಿ ಡ್ರೈವಿಗೆ ಬೀಗ ಹಾಕಿದ ಮೇಲೆ ಡಿ, ಇ, ಎಫ್ ಎಂದು ಸಿಕ್ಕ ಡ್ರೈವಿಗೆಲ್ಲ ಹಾಕುತ್ತ ಹೋಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಟ್ಟಡದ ಹೊರಗೆ ಎನ್ನುವುದು ಹಳೆಯ ಲೆಕ್ಕ, ಇಂದಿಗೂ ಸರಿ. ಎರಡು ಹಾರ್ಡ್ ಡಿಸ್ಕ್ ಕೊಳ್ಳಿ. ಒಂದು ದಿನ ಬಿಟ್ಟು ಒಂದು ದಿನ ಬದಲಾಯಿಸಿ, ಬ್ಯಾಕಪ್ ಮುಗಿದೊಡನೆ ಕಿತ್ತು ಒಂದನ್ನು ಬೀರುವಿನಲ್ಲಿ, ಇನ್ನೊಂದನ್ನು ಕಟ್ಟಡದ ಹೊರಗೆ ಇಡಿ. ಎರಡಕ್ಕೂ ವಿಂಡೋಸಿನ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಹಚ್ಚಿ. ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಬೇರೆಡೆ ಇಡಿ, ಅದೇ ಕಂಪ್ಯೂಟರಿನಲ್ಲಿಟ್ಟರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ ಹಾಗೆ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಆ ಬ್ಯಾಕಪ್ಪನ್ನು ನಿಜವಾಗಿ ತೆರೆದು, ಹಳೆಯ ರೋಗಿಯೊಬ್ಬರ ರಿಪೋರ್ಟ್ ಬರುತ್ತದೆಯೇ ನೋಡಿ. "ಬ್ಯಾಕಪ್ ಸಕ್ಸೆಸ್‌ಫುಲ್" ಎಂಬ ಸಂದೇಶ ಕಾಣಿಸುತ್ತಿದ್ದೂ ಫೈಲ್ ಸೊನ್ನೆ ಕೆಬಿ ಇರುವುದುಂಟು.

ಎರಡನೆಯದು ಸಾಫ್ಟ್‌ವೇರ್‌ನವರ ಬಾಗಿಲು. ಅವರು ದೂರದಿಂದ ರಿಪೇರಿ ಮಾಡಲು ಎನಿಡೆಸ್ಕ್ ಇಟ್ಟಿರುತ್ತಾರೆ, ಅದಕ್ಕೆ ಯಾರ ಅನುಮತಿಯೂ ಬೇಡದ ಖಾಯಂ ಪಾಸ್‌ವರ್ಡ್ ಇರುತ್ತದೆ. ಅದೇ ಪಾಸ್‌ವರ್ಡ್ ಅವರ ಉಳಿದ ಗಿರಾಕಿಗಳಿಗೂ ಇದ್ದರೆ ಅಚ್ಚರಿಪಡಬೇಡಿ. ಅದನ್ನು ತೆಗೆಸಿ. ಬೇಕಾದಾಗ ಅವರು ಫೋನ್ ಮಾಡಲಿ, ನಿಮ್ಮವರು ಕೂತು ಅನುಮತಿ ಒತ್ತಲಿ. ರೂಟರಿನಲ್ಲಿ 3389 ಪೋರ್ಟ್, ಎಂದರೆ ರಿಮೋಟ್ ಡೆಸ್ಕ್‌ಟಾಪ್, ಹೊರಗಡೆಗೆ ತೆರೆದಿದೆಯೇ ಕೇಳಿ. ತೆರೆದಿದ್ದರೆ ಇವತ್ತೇ ಮುಚ್ಚಿಸಿ, ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲು ರಾತ್ರಿ ಬಡಿಯುವ ಬಾಗಿಲು ಅದು. ಎಕ್ಸ್‌ರೇ, ಸಿ.ಟಿ. ಚಿತ್ರ ಇಡುವ ಪ್ಯಾಕ್ಸ್ ಸರ್ವರ್ ಇದ್ದರೆ ಅದಕ್ಕೂ ಇದೇ ಪ್ರಶ್ನೆ ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎನ್ನುವುದೂ ನೆನಪಿರಲಿ.

ಮೂರನೆಯದು ಲಾಗಿನ್. ಎಲ್ಲರಿಗೂ ಸೇರಿ ಒಂದೇ "ಅಡ್ಮಿನ್" ಇದ್ದರೆ ಯಾರು ಏನು ನೋಡಿದರೆಂದು ಹೇಳಲು ದೇವರೇ ಬರಬೇಕು. ಒಬ್ಬೊಬ್ಬರಿಗೆ ಒಂದೊಂದು ಕೊಡಿ. ಬಿಲ್ಲಿಂಗ್‌ನವರಿಗೆ ಬಿಲ್ಲು ಸಾಕು, ಹಿಸ್ಟರಿ ಬೇಡ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಬಂದ್ ಆಗಲಿ.

ಒಂದು ಬೆಳಿಗ್ಗೆ ಪರದೆಯ ಮೇಲೆ ಹಣ ಕೇಳುವ ಪತ್ರ ಬಂದೇಬಿಟ್ಟರೆ ಲ್ಯಾನ್ ಕೇಬಲ್ ಕಿತ್ತು ಹಾಕಿ, ವೈಫೈ ಆರಿಸಿ. ಫಾರ್ಮ್ಯಾಟ್ ಮಾಡಬೇಡಿ, ಸುಳಿವೆಲ್ಲ ಅಳಿಯುತ್ತದೆ. ಬ್ಯಾಕಪ್ ಡಿಸ್ಕ್ ತಂದು ಚುಚ್ಚಲೇಬೇಡಿ, ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಅದು. ಪರದೆಯ ಫೋಟೊ ತೆಗೆಯಿರಿ. ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್‌-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು ಎಂಬುದು 2022ರ ಏಪ್ರಿಲ್ 28ರ ನಿರ್ದೇಶನ. ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಿ. ಮೊದಲು ಹೇಳಿದ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅದಾದ ಮೇಲೆ ಸೋರಿಕೆಯಾದರೆ ಆಯಾ ರೋಗಿಗಳಿಗೂ ತಡವಿಲ್ಲದೆ ತಿಳಿಸಬೇಕು, ಅದೇ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ಪೂರ್ಣ ವರದಿ ಕೊಡಬೇಕು. ಸಾಕಷ್ಟು ರಕ್ಷಣೆ ಮಾಡದಿದ್ದುದಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. 20 ಹಾಸಿಗೆಯವರಿಗೆ ಅಷ್ಟು ಹಾಕುತ್ತಾರೆಂದಲ್ಲ. ಆದರೆ "ಸಾಫ್ಟ್‌ವೇರ್‌ನವರು ಮಾಡಿದ್ದು" ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ, ಮಾಹಿತಿ ಪಡೆದವರು ನೀವು.

ಬೆಳಗಾವಿಯವರಿಗೆ ಇನ್ನೊಂದು ಮಾತು. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ರೋಗಿಗೆ ಇರಬೇಕು ಎನ್ನುತ್ತದೆ ಕಾಯ್ದೆ. ನಿಮ್ಮಲ್ಲಿಗೆ ಚಂದಗಡದಿಂದಲೂ ಜನ ಬರುತ್ತಾರೆ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಈಗಲೇ ಬರೆಸಿಡಿ.

ಸಂತೆಯಲ್ಲಿ ಮಿರ್ಚಿ ಭಜಿ ಕಟ್ಟಿ ಕೊಟ್ಟ ಕಾಗದ ಯಾರದೋ ಸ್ಕ್ಯಾನಿಂಗ್ ರಿಪೋರ್ಟು! ಹೆಸರು, ವಯಸ್ಸು, ಊರು ಎಲ್ಲ ಇತ್ತು. ಹಳೆಯ ದಾಖಲೆಗಳನ್ನು ಎಷ್ಟು ವರ್ಷ ಇಡಬೇಕು, ಹೇಗೆ ನಾಶ ಮಾಡಬೇಕು?
ಆಸ್ಪತ್ರೆಯ ಗುಮಾಸ್ತರು, ಬಾಗಲಕೋಟೆ

ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಕನಿಷ್ಠ 3 ವರ್ಷ ಇಡಬೇಕೆನ್ನುವುದು 2002ರ ವೈದ್ಯಕೀಯ ನಡತೆ ನಿಯಮ. ಗರ್ಭಿಣಿಯರ ಸ್ಕ್ಯಾನಿಂಗ್‌ನ ಫಾರ್ಮ್ ಎಫ್ 2 ವರ್ಷ. ಗರ್ಭಪಾತದ ಅಡ್ಮಿಷನ್ ರಿಜಿಸ್ಟರ್, ಆ ಕ್ಯಾಲೆಂಡರ್ ವರ್ಷ ಮುಗಿದ ಮೇಲೆ 5 ವರ್ಷ. ಪೊಲೀಸ್ ಕೇಸು, ಕೋರ್ಟು ವ್ಯಾಜ್ಯ ಇದ್ದರೆ ಅದು ತೀರುವವರೆಗೆ ಮುಟ್ಟಬೇಡಿ.

ಗರ್ಭಪಾತದ ರಿಜಿಸ್ಟರಿನ ಪದ್ಧತಿ ಎಲ್ಲರೂ ಕಲಿಯಬೇಕಾದದ್ದು. ಹೆಣ್ಣುಮಗಳ ಹೆಸರು ಆ ಒಂದು ಪುಸ್ತಕದಲ್ಲಿ ಮಾತ್ರ. ಕೇಸ್ ಶೀಟ್, ಆಪರೇಷನ್ ಥಿಯೇಟರ್ ರಿಜಿಸ್ಟರ್, ಫಾಲೋಅಪ್ ಕಾರ್ಡು ಎಲ್ಲದರಲ್ಲೂ ಬರೀ ಕ್ರಮಸಂಖ್ಯೆ. ಆ ಪುಸ್ತಕ ಬೀಗದಲ್ಲಿದ್ದರೆ ಉಳಿದ ಕಾಗದ ಕಳೆದರೂ ಯಾರದೆಂದು ತಿಳಿಯದು. ಕಂಪ್ಯೂಟರ್ ಕಾಲಕ್ಕೂ ಮುಂಚಿನ ಇಂಥ ಜಾಣತನ ಈಗಿನ ಎಷ್ಟೋ ಸಾಫ್ಟ್‌ವೇರುಗಳಿಗಿಲ್ಲ.

ಇನ್ನು ನಾಶದ ಮಾತು. ರದ್ದಿಗೆ ಹಾಕಲೇಬೇಡಿ. ಕಾಗದ ಕತ್ತರಿಸುವ ಶ್ರೆಡ್ಡರ್ ಕೊಳ್ಳುವಾಗ ಉದ್ದುದ್ದ ಪಟ್ಟಿ ಮಾಡುವುದು ಬೇಡ, ಚೂರು ಮಾಡುವ ಕ್ರಾಸ್‌ಕಟ್ ಇರಲಿ. ಪಿ-4 ದರ್ಜೆ ಎಂದರೆ ಒಂದು ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರದು. ಶ್ರೆಡ್ಡರ್ ಇಲ್ಲದಿದ್ದರೆ ಹರಿದು, ಡ್ರಮ್ಮಿನಲ್ಲಿ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಕೋಲಿನಿಂದ ಹಿಟ್ಟಿನಂತೆ ಕಲಸಿ. ಬಾಲ್‌ಪೆನ್ ಶಾಯಿ ನೀರಿಗೆ ಹೋಗುವುದಿಲ್ಲ, ಆದ್ದರಿಂದ ನೆನೆಸಿದರಷ್ಟೇ ಸಾಲದು, ನುರಿಯಬೇಕು. ಏನು ನಾಶ ಮಾಡಿದಿರಿ, ಯಾವ ವರ್ಷದ್ದು, ಯಾವ ದಿನ, ಯಾರೆದುರು ಎಂದು ಒಂದು ರಿಜಿಸ್ಟರಿನಲ್ಲಿ ಎರಡು ಸಹಿ ಇರಲಿ.

ಎಕ್ಸ್‌ರೇ ಫಿಲ್ಮಿನಲ್ಲಿ ಬೆಳ್ಳಿ ಇರುವುದರಿಂದ ಅದನ್ನು ಕೊಳ್ಳುವವರು ಬರುತ್ತಾರೆ. ಕೊಡುವುದಾದರೆ ಹೆಸರಿರುವ ಅಂಚನ್ನು ಕತ್ತರಿಸಿ ಕೊಡಿ. ಬಾರ್‌ಕೋಡ್ ಸ್ಟಿಕರ್ ಪ್ರಿಂಟರಿಗೆ ಮೇಣದ ರಿಬ್ಬನ್ ಹಾಕುತ್ತೀರಲ್ಲ, ಬಳಸಿದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿಯಿರಿ: ಅಚ್ಚಾದ ಪ್ರತಿ ಹೆಸರೂ ಅದರ ಮೇಲೆ ಖಾಲಿ ಅಕ್ಷರವಾಗಿ ಉಳಿದಿರುತ್ತದೆ. ಅದನ್ನೂ ಕತ್ತರಿಸಬೇಕು. ದೊಡ್ಡ ಝೆರಾಕ್ಸ್ ಯಂತ್ರಗಳ ಒಳಗೆ ಹಾರ್ಡ್ ಡಿಸ್ಕ್ ಇರುವುದುಂಟು. ಹಳೆಯದನ್ನು ಮಾರುವ ಮುಂಚೆ ಅದನ್ನು ಅಳಿಸಿ, ಇಲ್ಲವೇ ತೆಗೆಸಿ ಇಟ್ಟುಕೊಳ್ಳಿ.

ನನ್ನ ತಾಯಿಯ ಕೇಸ್ ಪೇಪರ್ ಕೇಳಿದರೆ "ಪ್ರೈವಸಿ, ಕೊಡಲಿಕ್ಕೆ ಬರೂದಿಲ್ಲ" ಅನ್ನುತ್ತಾರೆ. ಅದೇ ಆಸ್ಪತ್ರೆಯವರು ನಮ್ಮ ಬೀಗರು ಫೋನ್ ಮಾಡಿ ಕೇಳಿದರೆ ಎಲ್ಲಾ ಹೇಳಿದ್ದಾರೆ.
ಓದುಗರು, ಮುಧೋಳ

ಎರಡೂ ತಿರುವುಮುರುವು. ಗೋಪ್ಯತೆ ಇರುವುದು ರೋಗಿಯ ಪರವಾಗಿ, ರೋಗಿಯ ವಿರುದ್ಧ ಅಲ್ಲ. ರೋಗಿಯಾಗಲಿ, ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, 2002ರ ಅದೇ ನಿಯಮ. ತಾಯಿಯವರ ಸಹಿ ಇಲ್ಲವೇ ಹೆಬ್ಬೆಟ್ಟಿನೊಂದಿಗೆ ನಾಲ್ಕು ಸಾಲಿನ ಅರ್ಜಿ ಬರೆದು, ನಿಮ್ಮ ಗುರುತಿನ ಚೀಟಿ ಜೋಡಿಸಿ, ಒಳಬಂದ ದಿನ ಹೊರಟ ದಿನ ನಮೂದಿಸಿ ಕೊಡಿ. ಪ್ರತಿ ತೆಗೆಯುವ ಖರ್ಚು ಕೇಳಬಹುದು. ಬಿಲ್ ಬಾಕಿ ಇದೆ ಎಂದು ತಡೆಹಿಡಿದರೆ ಆ ಮಾತನ್ನು ಬರಹದಲ್ಲಿ ಕೇಳಿ, ಬಹಳ ಸಲ ಅಲ್ಲಿಗೆ ಕಾಗದ ಬರುತ್ತದೆ.

ಬೀಗರ ವಿಷಯಕ್ಕೆ: ಫೋನಿನಲ್ಲಿ ಕೇಳಿದವರಿಗೆ "ಇಲ್ಲಿ ಇದ್ದಾರೆ" ಎಂಬುದನ್ನೂ ಹೇಳಬೇಕಿಲ್ಲ. ದಾಖಲಾಗುವಾಗಲೇ ಯಾರಿಗೆ ಹೇಳಬಹುದೆಂದು ಒಂದೋ ಎರಡೋ ಹೆಸರು, ನಂಬರು ಬರೆಸಿ. ಆಸ್ಪತ್ರೆಯವರು ಆ ನಂಬರಿಗೆ ತಾವೇ ತಿರುಗಿ ಫೋನ್ ಮಾಡಲಿ. ಯಾರೋ "ಮಗ ಮಾತಾಡ್ತೀನಿ" ಎಂದರೆ ಸಾಲದು.

ನಾನು ಆಶಾ ಕಾರ್ಯಕರ್ತೆ. ಟಿಬಿ ಪೇಷಂಟರ ಹೆಸರು ಪಂಚಾಯ್ತಿಯವರು ಕೇಳ್ತಾರ್ರಿ. ಆಹಾರದ ಕಿಟ್ ಕೊಡುವಾಗ ಫೋಟೊ ಬೇಕಂತಾರ.
ಸವದತ್ತಿ ತಾಲ್ಲೂಕು

ಟಿಬಿ 2012ರಿಂದ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಆದ್ದರಿಂದ ಟಿಬಿ ರೋಗಿಗಳ ಸರ್ಕಾರಿ ದಾಖಲೆಯಾದ ನಿಕ್ಷಯ್ ಪೋರ್ಟಲ್ಲಿಗೆ ಹೆಸರು ಹೋಗಲೇಬೇಕು. ಅದರಾಚೆ ಪಂಚಾಯ್ತಿಗೆ ಸಂಖ್ಯೆ ಸಾಕು, "ನಮ್ಮ ಊರಾಗ ಇಷ್ಟು ಜನ" ಅಂತ. ಕಿಟ್ ಪಡೆಯಲು ಒಪ್ಪಿದವರು ಫೋಟೊಕ್ಕೂ ಒಪ್ಪಿದರೆಂದಲ್ಲ. ಕಿಟ್ಟಿನ ಫೋಟೊ ತೆಗೆಯಿರಿ, ಬೇಕಿದ್ದರೆ ಕೈ ಕಾಣಲಿ, ಮುಖ ಬೇಡ. ನಿಮ್ಮ ಡೈರಿಯಲ್ಲಿ ಹೆಸರಿನ ಬದಲು ನಿಕ್ಷಯ್ ಐಡಿ ಬರೆದುಕೊಂಡರೆ ಯಾರ ಮನೆಯಲ್ಲಿ ಮರೆತು ಬಂದರೂ ಚಿಂತೆಯಿಲ್ಲ.

ಕಾನ್ಫರೆನ್ಸಿಗೆ ಒಂದು ಅಪರೂಪದ ಕೇಸಿನ ಸಿ.ಟಿ. ತೋರಿಸಬೇಕು. ಹೆಸರು ತೆಗೆದರೆ ಸಾಕಲ್ಲವೇ?
ವೈದ್ಯ ವಿದ್ಯಾರ್ಥಿ, ಬೆಳಗಾವಿ

ಪರದೆಯ ಮೇಲಿನ ಹೆಸರು ತೆಗೆದರೆ ಸಾಲದು. ಸ್ಕ್ಯಾನ್ ಚಿತ್ರ ಉಳಿಸುವ ಡೈಕಾಮ್ ಫೈಲಿನ ತಲೆಬರಹದಲ್ಲಿ (ಹೆಡರ್) ಹೆಸರು, ಐಡಿ, ಹುಟ್ಟಿದ ದಿನ, ಆಸ್ಪತ್ರೆಯ ಹೆಸರು ಬೇರೆಯಾಗಿ ಕೂತಿರುತ್ತವೆ. ವ್ಯೂವರ್ ತಂತ್ರಾಂಶದ ಅನಾನಿಮೈಸ್ ಆಯ್ಕೆ ಬಳಸಿ, ಆಮೇಲೆ ಹೆಡರ್ ತೆರೆದು ಕಣ್ಣಾರೆ ನೋಡಿ. ಅಲ್ಟ್ರಾಸೌಂಡ್‌ನಲ್ಲಿ ಹೆಸರು ಚಿತ್ರದೊಳಗೇ ಅಚ್ಚಾಗಿರುತ್ತದೆ, ಅದನ್ನು ಕತ್ತರಿಸಿಯೇ ತೆಗೆಯಬೇಕು. ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಫೈಲಿನೊಳಗೆ ಉಳಿದುಕೊಳ್ಳಬಹುದು, ಮೊದಲೇ ಕತ್ತರಿಸಿ ಆಮೇಲೆ ಅಂಟಿಸಿ. ತಲೆಯ ಸಿ.ಟಿ.ಯಿಂದ ಮುಖದ ಆಕಾರವನ್ನೇ ಮರಳಿ ಕಟ್ಟಬಹುದು ಎಂಬುದೂ ಗೊತ್ತಿರಲಿ.

ಇಷ್ಟಾದ ಮೇಲೂ "ಇಳಕಲ್ಲಿನ 34 ವರ್ಷದ ನೇಕಾರ" ಎಂದು ಸ್ಲೈಡಿನಲ್ಲಿ ಬರೆದರೆ ಹೆಸರು ಹೇಳಿದಂತೆಯೇ, ರೋಗ ಅಪರೂಪದ್ದಾದರೆ ಊರಿಗೆ ಒಬ್ಬರೇ ಇರುತ್ತಾರೆ. "30ರ ಹರೆಯದ ಗಂಡಸು, ಉತ್ತರ ಕರ್ನಾಟಕ" ಸಾಕು. ಗುರುತು ಸಿಗುವಂತಿದ್ದರೆ ರೋಗಿಯ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ.

ಆಭಾ ಕಾರ್ಡ್ ಮಾಡಿಸಿದರೆ ನನ್ನ ರೋಗವೆಲ್ಲ ಸರ್ಕಾರಕ್ಕೆ ಗೊತ್ತಾಗುತ್ತದೆಯೇ? ಮಾಡಿಸದಿದ್ದರೆ ಚಿಕಿತ್ಸೆ ಕೊಡುವುದಿಲ್ಲ ಅಂತಾರೆ.
ಓದುಗರು, ಗೋಕಾಕ

ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಐಚ್ಛಿಕ. ಅದಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. 5 ಲಕ್ಷದ ಆಯುಷ್ಮಾನ್ ಕಾರ್ಡು ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಈ ಗೊಂದಲ. ರಿಪೋರ್ಟುಗಳು ಒಂದೇ ಕಡೆ ಗುಡ್ಡೆಯಾಗುವುದಿಲ್ಲ, ಆಯಾ ಆಸ್ಪತ್ರೆ, ಲ್ಯಾಬಿನಲ್ಲೇ ಇರುತ್ತವೆ. ಬೇರೆ ವೈದ್ಯರು ನೋಡಬೇಕೆಂದರೆ ನಿಮ್ಮ ಆ್ಯಪಿಗೆ ಕೋರಿಕೆ ಬರುತ್ತದೆ. ಅದರಲ್ಲಿ ಯಾವ ಬಗೆಯ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ದಿನದ ಅನುಮತಿ ಎಂಬುದಿರುತ್ತದೆ. ಹಲ್ಲಿನ ಡಾಕ್ಟರಿಗೆ ಹತ್ತು ವರ್ಷದ ಎಲ್ಲ ದಾಖಲೆ ಬೇಕಿಲ್ಲ, ಅವಧಿ ಕಡಿಮೆ ಮಾಡಿ ಒಪ್ಪಿಗೆ ಕೊಡಿ. ಕೊಟ್ಟದ್ದನ್ನು ಹಿಂದಕ್ಕೂ ಪಡೆಯಬಹುದು, ಆದರೆ ಆಗಲೇ ಓದಿಕೊಂಡದ್ದನ್ನು ಮರೆಸಲಾಗದು.

ಕಾರ್ಡು ಮಾಡಿಸಲು ಕಂಪ್ಯೂಟರ್ ಸೆಂಟರಿಗೆ ಹೋದಾಗ ಓಟಿಪಿ ನೀವೇ ಒತ್ತಿ. ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಅಂಗಡಿಯವರದ್ದು ಹಾಕಿಸಿದರೆ ಮುಂದಿನ ಕೋರಿಕೆಗಳೆಲ್ಲ ಅವರ ಫೋನಿಗೆ ಹೋಗುತ್ತವೆ. ಪ್ರಿಂಟ್ ತೆಗೆಸಿದ ಮೇಲೆ ಅವರ ಡೌನ್‌ಲೋಡ್ಸ್ ಫೋಲ್ಡರಿನಿಂದ ನಿಮ್ಮ ಫೈಲ್ ಅಳಿಸಿದ್ದನ್ನು ನಿಂತು ನೋಡಿಕೊಂಡೇ ಹೊರಡಿ.